ಆ ಸರ್ವೆ ಪೇಪರ್ ಏನಾಯ್ತು?

ನಿನ್ನೆ ಶಿವಮೊಗ್ಗದ ನಮ್ಮ ಕೇರಿಗೆ ಮತ್ತೆ ಸರ್ವೆಯವ್ರು ಬಂದಿದ್ರು. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಫಾರಂ, ಹತ್ತಿಪ್ಪತ್ತು ಜನ ಡಿಗ್ರಿ ಮಕ್ಕಳು, ಜೊತೆಗೊಬ್ರು ಮೇಷ್ಟ್ರು. ಮನೇಲಿ ಎಷ್ಟು ಜನ, ಶೌಚಾಲಯ ಇದ್ಯಾ, ನಲ್ಲೀಲಿ ನೀರು ಎಷ್ಟು ದಿನಕ್ಕೊಮ್ಮೆ, 2019ರ ನೆರೇಲಿ ಮನೆಗೆ ನೀರು ನುಗ್ಗಿತ್ತಾ. ಎದುರುಮನೆ ಹೂ ಕಟ್ಟೋ ಅಕ್ಕ ಎಲ್ಲದಕ್ಕೂ ಸಮಾಧಾನವಾಗಿ ಉತ್ತರ ಕೊಟ್ಟು ಕೊನೆಗೆ ತಾವೂ ಒಂದು ಕೇಳಿದ್ರು, "ಹೋದ್ವರ್ಷ ಬಂದ ಮಕ್ಳೂ ಇದನ್ನೇ ಬರ್ಕೊಂಡ್ ಹೋದ್ರಲ್ಲ ಮಗಾ, ಆ ಪೇಪರ್ ಏನಾಯ್ತು?" ಫಾರಂ ತುಂಬ್ತಿದ್ದ ಹುಡುಗಿ ಮುಖ ಸಣ್ಣಗಾಯ್ತು. ಅವಳಿಗೆ ಹೇಗೆ ಗೊತ್ತಿರತ್ತೆ ಪಾಪ, ಹೋದ್ವರ್ಷ ಬಂದಿದ್ದು ಬೇರೆ ಬ್ಯಾಚು. ಆಮೇಲೆ ಬ್ಯಾನರ್ ಹಿಡಿದು ಫೋಟೋ, ಅದರಲ್ಲಿ ಜಾಗ ತೋರಿಸೋ ಜಿಯೋಟ್ಯಾಗ್ ಸರಿಯಾಗಿ ಬಂತಾ ಅಂತ ನೋಡ್ಕೊಂಡು ಬಸ್ ಹತ್ತಿ ಹೋದ್ರು. ಯಾವ ಕಾಲೇಜು ಅಂತ ಕೇಳ್ಬೇಡಿ, ಹೇಳಲ್ಲ. ಒಂದು ಕಾಲೇಜಿನ ವಿಷಯ ಅಲ್ಲ ಇದು.

ನಂಗೆ ರಾತ್ರಿ ನಿದ್ದೆ ಬರ್ಲಿಲ್ಲ ಮಾರಾಯ್ರೆ. ನಾನು ಹುಟ್ಟಿ ಬೆಳೆದದ್ದು ಇದೇ ಬಡವರ ಕೇರೀಲಿ. ಡಿಗ್ರೀಲಿ ಸಮಾಜಶಾಸ್ತ್ರದ ಕ್ಲಾಸಲ್ಲಿ 'ಕೊಳಚೆ ಪ್ರದೇಶದ ಸಮಸ್ಯೆಗಳು' ಅಂತ ಪಾಠ ಇತ್ತು, ಮೇಷ್ಟ್ರು ನೋಟ್ಸ್ ಬರೆಸ್ತಿದ್ರು, ಬಡತನ, ಅನಾರೋಗ್ಯ, ಕುಡಿತ ಅಂತ ಪಾಯಿಂಟ್ ಪಾಯಿಂಟಾಗಿ, ನಾನು ಕೊನೇ ಬೆಂಚಲ್ಲಿ ಕೂತು ನಮ್ಮನೇನೇ ಪಾಯಿಂಟಾಗಿ ಬರ್ಕೋತಿದ್ದೆ. ನಮ್ಮನೆ ಅಲ್ಲಿಂದ ನಡ್ಕೊಂಡು ಹೋಗೋ ದೂರ. ಒಂದು ದಿನ ಹೋಗಿ ನೋಡ್ಕೊಂಡು ಬರೋಣ ಅಂತ ಯಾರೂ ಅನ್ಲಿಲ್ಲ. ಆ ನೋವು ಇನ್ನೂ ಹೋಗಿಲ್ಲ.

ಶಿವಮೊಗ್ಗದ ಸುತ್ತ ಓದಿಸೋ ಸಂಸ್ಥೆಗಳಿಗೆ ಕೊರತೆ ಇದ್ಯಾ ಹೇಳಿ? ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾಲಯ ಇದೆ, ಊರೊಳಗೆ ಅದರದ್ದೇ ಸಹ್ಯಾದ್ರಿ ಕಾಲೇಜುಗಳಿವೆ, ಮೆಡಿಕಲ್ ಕಾಲೇಜು, ಇಂಜಿನಿಯರಿಂಗ್ ಕಾಲೇಜು ಇವೆ, ಇರುವಕ್ಕಿಯಲ್ಲಿ ಕೃಷಿ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಕೃಷಿ ಓದೋ ಮಕ್ಕಳು ಕೊನೇ ವರ್ಷ ತಿಂಗಳುಗಟ್ಟಲೆ ಹಳ್ಳೀಲೇ ಇದ್ದು, ರೈತರ ಜೊತೆ ಗದ್ದೆ ತೋಟ ಸುತ್ತಿ ಕಲೀತಾರೆ. ಅದನ್ನ ನೋಡಿದ್ರೆ ನಂಗೆ ನಿಜವಾಗ್ಲೂ ಖುಷಿ. ಆದ್ರೆ ಅಂಥದ್ದೊಂದು ವ್ಯವಸ್ಥೆ ಊರೊಳಗಿನ ಕೇರಿಗೆ ಇಲ್ಲ. 2014ರಲ್ಲಿ ಬಂದ ಕೇಂದ್ರ ಸರ್ಕಾರದ ಉನ್ನತ ಭಾರತ ಅಭಿಯಾನ ಇದ್ಯಲ್ಲ, ಅದರಲ್ಲಿ ಸಂಸ್ಥೆಗಳು ದತ್ತು ತಗೊಳ್ಳೋದು ಹಳ್ಳಿಗಳನ್ನ. 1969ರಿಂದ ನಡೀತಿರೋ ರಾಷ್ಟ್ರೀಯ ಸೇವಾ ಯೋಜನೆ, ಅಂದ್ರೆ ಎನ್ನೆಸ್ಸೆಸ್‌ನ ಏಳು ದಿನದ ಕ್ಯಾಂಪೂ ಹೆಚ್ಚಾಗಿ ಹಳ್ಳೀಲೇ. ಹಳ್ಳಿಗೆ ಬೇಡ ಅಂತ ಅಲ್ಲ, ಖಂಡಿತ ಬೇಕು. ಆದ್ರೆ ಕಾಲೇಜಿನ ಕಾಂಪೌಂಡ್ ಪಕ್ಕದ ಬಡವರು ಯಾವ ಲೆಕ್ಕಕ್ಕೂ ಬರಲ್ಲ. ನಮಗೆ ಸಿಗೋದು ಸರ್ವೆ ಮಾತ್ರ, ಆ ಸರ್ವೆಯ ಫಲ ನಮಗೆ ತಿರುಗಿ ಬರಲ್ಲ.

ಬೇರೆ ಕಡೆ ಹೀಗೇ ಅಂತ ತಿಳ್ಕೋಬೇಡಿ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಇರೋದು ದೇವನಾರಲ್ಲಿ, ಹತ್ರದಲ್ಲೇ ಮುಂಬೈ ಕಸ ದಶಕಗಟ್ಟಲೆ ಸುರಿದ ಜಾಗ, ಅದರ ಸುತ್ತ ಬಡವರ ಬಸ್ತಿಗಳು. 2011ರಲ್ಲಿ ಸಂಸ್ಥೆಗೆ 75 ತುಂಬಿದಾಗ ಅವ್ರು ಎಂ ವಾರ್ಡ್ ಅಂತ ಕರೆಯೋ ಆ ಭಾಗವನ್ನೇ ತಮ್ಮ ಕೆಲಸದ ಜಾಗ ಮಾಡ್ಕೊಂಡ್ರು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಥೆ ಇನ್ನೂ ಬೇರೆ. 1960ರ ದಶಕದಲ್ಲಿ ಅಲ್ಲಿ ವಿಶ್ವವಿದ್ಯಾಲಯದ ಪ್ರದೇಶ ಬೆಳೆಸೋ ಹೆಸರಲ್ಲಿ ಬ್ಲ್ಯಾಕ್ ಬಾಟಮ್ ಅನ್ನೋ ಕಪ್ಪು ಜನರ ಕೇರಿಯನ್ನೇ ಒಕ್ಕಲೆಬ್ಬಿಸಿಬಿಟ್ರು. ಅದೇ ವಿಶ್ವವಿದ್ಯಾಲಯ 1992ರಲ್ಲಿ ನೆರೆಹೊರೆ ಜೊತೆ ಕೆಲಸ ಮಾಡೋಕೇ ಅಂತ ಒಂದು ಕೇಂದ್ರ ಶುರು ಮಾಡ್ತು, ಅಲ್ಲಿನ ಶಾಲೆಗಳಲ್ಲಿ ಮಾಡೋ ಕೆಲಸ ವಿದ್ಯಾರ್ಥಿಗಳ ಕೋರ್ಸಿನದ್ದೇ ಭಾಗ. 2001ರಲ್ಲಿ ಒಂದು ಒಳ್ಳೆ ಸರ್ಕಾರಿ ಶಾಲೆಗೂ ಕೈಜೋಡಿಸ್ತು. ಶಾಲೆಗೆ ಹೆಸರು ಬರ್ತಿದ್ದ ಹಾಗೆ ಸುತ್ತಮುತ್ತ ಮನೆ ಬೆಲೆ ಏರಿ ಬಡವರು ಅಲ್ಲಿರೋದೇ ಕಷ್ಟ ಆಯ್ತು, ಅದೂ ನಿಜ. ಅದಕ್ಕೇ ನಾನು ಹೇಳೋದು, ಹಕ್ಕುಪತ್ರ ಇಲ್ಲದ ಕೇರೀಲಿ ಬೇರೆ ಏನೇ ಅಭಿವೃದ್ಧಿಗೆ ಮುಂಚೆ ಕಾನೂನು ಓದೋ ಮಕ್ಕಳು ಬಂದು ನಮ್ಮ ಕಾಗದಪತ್ರ ನೋಡ್ಲಿ.

ನಮ್ಮ ಲೆಕ್ಚರರ್ ಫ್ರೆಂಡ್ಸ್ ಏನಂತಾರೆ ಗೊತ್ತು. ಚರಂಡಿ, ಒಳಚರಂಡಿ ಎಲ್ಲ ಪಾಲಿಕೆ ಕೆಲಸ, ನಮ್ಮಲ್ಲಿ ಅರ್ಧ ಜನ ಅತಿಥಿ ಉಪನ್ಯಾಸಕರು, ಫಂಡ್ ಇಲ್ಲ, ಸಿಲೆಬಸ್ ಮುಗಿಸೋದ್ರಲ್ಲೇ ಸಾಕಾಗತ್ತೆ. ಅತಿಥಿ ಉಪನ್ಯಾಸಕರ ಕಷ್ಟ ನಂಗೂ ಗೊತ್ತು, ನಮ್ಮನೇಲೇ ಒಬ್ರಿದ್ದಾರೆ. ಆದ್ರೆ ಚರಂಡಿ ಕಟ್ಟಿ ಅಂತ ನಿಮ್ಮನ್ನ ಯಾರು ಕೇಳಿದ್ರು? ಕಾಲೇಜುಗಳಿಗೆ ಗ್ರೇಡ್ ಕೊಡೋ ನ್ಯಾಕ್‌ಗೆ ತೋರಿಸೋಕೆ ಸರ್ವೆ ಮಾಡೋಕೆ ಟೈಮ್ ಸಿಗತ್ತೆ, ಅದರ ರಿಸಲ್ಟನ್ನ ಎರಡು ಹಾಳೇಲಿ ಕನ್ನಡದಲ್ಲಿ ಬರೆದು ಅಂಗನವಾಡಿ ಗೋಡೆಗೆ ಅಂಟಿಸೋಕೆ ಎಷ್ಟು ಫಂಡ್ ಬೇಕು? ಕುಡಿಯೋ ನೀರಲ್ಲಿ 100 ಎಂಎಲ್‌ಗೆ ಇ ಕೋಲಿ ಅನ್ನೋ, ಮಲದಿಂದ ಸೇರೋ ಬ್ಯಾಕ್ಟೀರಿಯಾ ಒಂದೇ ಒಂದೂ ಇರಬಾರ್ದು ಅಂತ ನಿಯಮ ಇದೆ, ನಿಮ್ಮ ಲ್ಯಾಬಲ್ಲಿ ಮಕ್ಕಳು ಆ ಟೆಸ್ಟ್ ಕಲಿಯೋದು ಹೇಗಿದ್ರೂ ಕಲೀತಾರೆ, ನಮ್ಮ ನಲ್ಲಿ ನೀರನ್ನೇ ತಗೊಂಡು ಹೋಗಿ ಕಲೀಲಿ, ಏನು ಬಂತು ಅಂತ ನಮ್ಗೆ ಹೇಳ್ಲಿ.

ನಂಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ತುಂಗಾ ಹೊಳೆ ವಿಷಯ. ಮಳೆಗಾಲದಲ್ಲಿ ಕೋರ್ಪಲಯ್ಯನ ಛತ್ರದ ಹತ್ರ ಹೊಳೆಯೊಳಗಿನ ಮಂಟಪ ಮುಳುಗ್ತು ಅಂದ್ರೆ ಊರೆಲ್ಲ ನೋಡೋಕೆ ಹೋಗತ್ತೆ, ನಮ್ಮ ಕೇರೀಲಿ ಅಕ್ಕಿ ಚೀಲ ಅಟ್ಟಕ್ಕೆ ಏರತ್ತೆ. ಗಾಜನೂರು ಡ್ಯಾಂನಿಂದ ಇಷ್ಟು ಸಾವಿರ ಕ್ಯೂಸೆಕ್ಸ್ ಬಿಟ್ರು ಅಂತ ದಿನಾ ಪೇಪರಲ್ಲಿ ಬರತ್ತೆ, ಅಷ್ಟು ಬಿಟ್ರೆ ಯಾವ ಬೀದಿಗೆ ಮೊದಲು ನೀರು, ಯಾವ ಮನೆ ಎಷ್ಟು ಹೊತ್ತಿಗೆ ಖಾಲಿ ಮಾಡ್ಬೇಕು, ಅದನ್ನ ಯಾರೂ ಹೇಳಲ್ಲ. 2019ರಲ್ಲಿ ನೀರು ಎಲ್ಲೀವರೆಗೆ ಬಂದಿತ್ತು ಅಂತ ಇಲ್ಲಿ ಪ್ರತಿಯೊಬ್ರೂ ಗೋಡೆ ಮೇಲೆ ಕೈಯಿಟ್ಟು ತೋರಿಸ್ತಾರೆ. ಅವ್ರು ತೋರಿಸೋದನ್ನ ಸಿವಿಲ್ ಓದೋ ಮಕ್ಕಳು ಅಳೆದು ಬರ್ಕೊಂಡ್ರೆ, ಡ್ಯಾಂ ಲೆಕ್ಕದ ಜೊತೆ ಕೂರಿಸಿ ಬೀದಿಬೀದಿಗೂ ಒಂದು ಮ್ಯಾಪ್ ಮಾಡ್ಬಹುದು. ಅಂಥ ಮ್ಯಾಪ್ ಇದ್ರೆ ರಾತ್ರೋರಾತ್ರಿ ಮುದುಕರನ್ನ ಹೊತ್ಕೊಂಡು ಓಡೋದು ತಪ್ಪತ್ತೆ.

ಮುಂದಿನ ಭಾನುವಾರ ಸಂಜೆ ಕೇರಿಯವ್ರೆಲ್ಲ ಇದಕ್ಕೇ ಅಂತ ಸೇರ್ತಿದೀವಿ. ಸಿವಿಲ್ಲೋ ಭೂಗೋಳವೋ ಪಾಠ ಮಾಡೋ ಮೇಷ್ಟ್ರು, ಮೇಡಂ ಯಾರಾದ್ರೂ ಇದನ್ನ ಓದ್ತಿದ್ರೆ ಮೆಸೇಜ್ ಮಾಡಿ. ಒಂದು ದಿನಕ್ಕಲ್ಲ, ಮೂರ್ನಾಲ್ಕು ವರ್ಷ ಬರ್ತಾ ಇರೋರು ಬೇಕು. ಅಳತೆ ಟೇಪು ನಮ್ಮತ್ರ ಇದೆ, ಮನೆಮನೆಗೆ ಕರ್ಕೊಂಡು ಹೋಗೋ ಹುಡುಗರೂ ಇದಾರೆ.