ಹಿತ್ತಲಿನ ವೀಕ್ಷಣಾಲಯ: ಕಂಬ ಮೊದಲು, ಕನ್ನಡಿ ಆಮೇಲೆ

ಚಿಕ್ಕಮಗಳೂರಿನ ನಮ್ಮ ಮನೆಯ ಹಿತ್ತಲಿನಲ್ಲಿರುವ ಪುಟ್ಟ ವೀಕ್ಷಣಾಲಯಕ್ಕೆ ಬಂದವರು ಮೊದಲು ಕೇಳುವುದು ದೂರದರ್ಶಕ ಎಷ್ಟು ಇಂಚಿನದು ಎಂದು. ಕನ್ನಡಿ ಎಂಟು ಇಂಚಿನದು. ಆದರೆ ನಾನು ಮೊದಲು ತೋರಿಸುವುದು ಅದನ್ನು ಹೊತ್ತ ಕಾಂಕ್ರೀಟ್ ಕಂಬವನ್ನು. ನಾಲ್ಕು ಅಡಿ ಆಳದ ಗುಂಡಿಯಿಂದ ಎದ್ದಿರುವ ಆ ಕಂಬ ಕೋಣೆಯ ನೆಲಕ್ಕೆ ಎಲ್ಲಿಯೂ ತಾಗುವುದಿಲ್ಲ. ತಾಗಿದ್ದರೆ ನಾನು ಹೆಜ್ಜೆ ಇಟ್ಟಾಗಲೆಲ್ಲ ಚಿತ್ರದಲ್ಲಿ ನಕ್ಷತ್ರ ನಡುಗುತ್ತಿತ್ತು. ಹೊಸದಾಗಿ ಈ ಹವ್ಯಾಸಕ್ಕೆ ಬರುವವರು ಕನ್ನಡಿಯಲ್ಲಿ ಎರಡು ಇಂಚು ಕಡಿಮೆ ಮಾಡಿಕೊಂಡಾದರೂ ಆ ಹಣವನ್ನು ಕಂಬಕ್ಕೂ, ಅದರ ಮೇಲೆ ದೂರದರ್ಶಕವನ್ನು ಹಿಡಿದು ತಿರುಗಿಸುವ ಮೌಂಟಿಗೂ ಹಾಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೌಂಟಿನ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರದಿದ್ದರೆ ಹೆಚ್ಚು ಹೊತ್ತು ಬೆಳಕು ಹಿಡಿದು ತೆಗೆಯುವ ಚಿತ್ರಗಳಲ್ಲಿ ನಕ್ಷತ್ರಗಳು ಗೆರೆಗಳಾಗುತ್ತವೆ. ನಮ್ಮ ಊರಿನ ಅಕ್ಷಾಂಶ ಸುಮಾರು 13.3 ಡಿಗ್ರಿಯಾದ್ದರಿಂದ ಧ್ರುವ ನಕ್ಷತ್ರವೂ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿರುತ್ತದೆ, ನನಗಂತೂ ಪಕ್ಕದ ಕಾಫಿ ತೋಟದ ಸಿಲ್ವರ್ ಮರಗಳು ಅದನ್ನು ಪೂರ್ತಿ ಮರೆಮಾಡಿವೆ. ಹೀಗಾಗಿ ಅಕ್ಷವನ್ನು ನೇರವಾಗಿ ಅದರತ್ತ ಗುರಿಯಿಡಲಾಗದೆ, ನೆತ್ತಿಯ ಸಮೀಪ ದಕ್ಷಿಣೋತ್ತರ ರೇಖೆಯನ್ನು ದಾಟುವ ನಕ್ಷತ್ರ ಯಾವ ಕಡೆಗೆ ಜಾರುತ್ತದೆಂದು ನೋಡಿ ಅಕ್ಷದ ದಿಕ್ಕನ್ನೂ, ಪೂರ್ವದಲ್ಲಿ ಏರುವ ನಕ್ಷತ್ರವನ್ನು ನೋಡಿ ಅದರ ಎತ್ತರವನ್ನೂ ತಿದ್ದಿಕೊಂಡೆ. ಮೂರು ರಾತ್ರಿ ಹಿಡಿಯಿತು.

ಧ್ರುವವನ್ನು ತಗ್ಗಿಸಿದ ಇದೇ ಅಕ್ಷಾಂಶ ನಮಗೆ ದಕ್ಷಿಣಾಕಾಶದ ಅಗಸ್ತ್ಯ ನಕ್ಷತ್ರವನ್ನೂ ತ್ರಿಶಂಕು ನಕ್ಷತ್ರಪುಂಜವನ್ನೂ ಕೊಟ್ಟಿದೆ. ಯುರೋಪಿನ ಹವ್ಯಾಸಿಗಳಿಗೆ ತಮ್ಮ ಮನೆಯಂಗಳದಿಂದ ತ್ರಿಶಂಕು ಕಾಣುವುದೇ ಇಲ್ಲ. ಬಹುತೇಕ ನಮ್ಮ ಅಕ್ಷಾಂಶದಲ್ಲೇ ಇದ್ದ ಮದ್ರಾಸ್ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದ ಚಿಂತಾಮಣಿ ರಘುನಾಥಾಚಾರಿಯವರು 1867ರಲ್ಲಿ ದಕ್ಷಿಣಾಕಾಶದ ಆರ್ ರೆಟಿಕ್ಯುಲೈ ಎಂಬ ನಕ್ಷತ್ರದ ಬೆಳಕು ಏರಿಳಿಯುವುದನ್ನು ಗುರುತಿಸಿದರು. ಹಿತ್ತಲಿನಿಂದ ಮಾಡಬಹುದಾದ ನಿಜವಾದ ವಿಜ್ಞಾನವೂ ಇದೇ ಬಗೆಯದು. ನೀಹಾರಿಕೆಗಳ ಚಂದದ ಚಿತ್ರಗಳನ್ನು ನಾನೂ ತೆಗೆದಿದ್ದೇನೆ, ಆದರೆ ಅವುಗಳಿಗಿಂತ ಉತ್ತಮವಾದವು ಎಲ್ಲೆಡೆ ಸಿಗುತ್ತವೆ. ಸುಮಾರು 332 ದಿನಗಳ ಆವರ್ತದಲ್ಲಿ ಬರಿಗಣ್ಣಿಗೆ ಕಾಣುವಷ್ಟು ಬೆಳಗಿ ಮತ್ತೆ ಮರೆಯಾಗುವ ಮೀರಾ ನಕ್ಷತ್ರ ನಿನ್ನೆ ರಾತ್ರಿ ಎಷ್ಟು ಪ್ರಕಾಶಮಾನವಾಗಿತ್ತು ಎಂಬ ಅಳತೆಯನ್ನು ಮಾತ್ರ ನಿನ್ನೆ ರಾತ್ರಿ ನೋಡಿದವರೇ ಕೊಡಬೇಕು. ಅದಕ್ಕೆ ಸಾಮಾನ್ಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಸಾಕು: ಫೋಕಸ್ಸನ್ನು ತುಸು ಸಡಿಲಿಸಿ ಚಿತ್ರ ತೆಗೆದು, ಅದೇ ಚಿತ್ರದಲ್ಲಿರುವ ಬೆಳಕು ಬದಲಾಗದ ನಕ್ಷತ್ರಗಳೊಂದಿಗೆ ಹೋಲಿಸಿದರಾಯಿತು. 1911ರಲ್ಲಿ ಆರಂಭವಾದ ಅಮೆರಿಕದ ಎಎವಿಎಸ್‌ಒ ಎಂಬ, ಬೆಳಕು ಬದಲಾಗುವ ನಕ್ಷತ್ರಗಳ ವೀಕ್ಷಕರ ಸಂಸ್ಥೆ ಜಗತ್ತಿನ ಹವ್ಯಾಸಿಗಳಿಂದ ಇಂಥ ಅಳತೆಗಳನ್ನೇ ಸಂಗ್ರಹಿಸುತ್ತಿದೆ.

ನಮ್ಮ ಶತ್ರು ತೇವ. ಮೊದಲ ಮಳೆಗಾಲ ಮುಗಿದು ಪೆಟ್ಟಿಗೆ ತೆರೆದಾಗ ಕಣ್ಣಿಟ್ಟು ನೋಡುವ ಎರಡು ಐಪೀಸ್‌ಗಳ ಒಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು, ನನಗೆ ಅಳುವೇ ಬಂದಿತ್ತು. ಈಗ ಗಾಜಿನ ಸಾಮಾನುಗಳೆಲ್ಲ ತೇವ ಹೀರುವ ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬಿಗಳಲ್ಲಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ದಾಖಲೆ ಪುಸ್ತಕದ ಪುಟಗಳು ಬಹುಪಾಲು ಖಾಲಿಯೇ. ಅಂದಾಜಿನ ಸಂಖ್ಯೆ ಬರೆದು ಅವನ್ನು ನಾನು ತುಂಬುವುದಿಲ್ಲ. ಮಳೆ ಕಡಿಮೆಯಿರುವ ಕಡೂರು, ಅರಸೀಕೆರೆಗಳ ಕಡೆ ಯಾರಾದರೂ ಇದೇ ಕೆಲಸ ಆರಂಭಿಸಿದರೆ ಆ ಖಾಲಿ ರಾತ್ರಿಗಳಲ್ಲಿ ಕೆಲವಾದರೂ ತುಂಬಿಯಾವು. ಕಂಬಕ್ಕೆ ಗುಂಡಿ ತೋಡುವ ದಿನ ತಿಳಿಸಿ, ನಾನೇ ಬಂದು ಜೊತೆಗೆ ನಿಲ್ಲುತ್ತೇನೆ.