ಮಳೆಯ ಕೊರತೆಯೊಂದೇ ಕಾರಣವಲ್ಲ

ಮೈಸೂರಿನ ಕೆರೆಗಳು ಸೊರಗಲು ಮಳೆಯ ಕೊರತೆಯೇ ಮುಖ್ಯ ಕಾರಣವೆಂದು, ಈ ಕೆರೆಗಳ ಕುರಿತ ಲೇಖನವೊಂದರಲ್ಲಿ ಲೇಖಕರು ಹೇಳಿರುವ ಮಾತನ್ನು ಒಪ್ಪುವುದು ಕಷ್ಟ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವಾಂಶವನ್ನು ಹಿಡಿದಿಡಬಲ್ಲದು. ಹಾಗಾಗಿ ಹವಾಮಾನ ಬದಲಾದಂತೆ ಮಳೆ ಇಲ್ಲವಾಗುವುದಕ್ಕಿಂತ ಹೆಚ್ಚಾಗಿ, ಒಂದೆರಡು ಗಂಟೆಗಳಲ್ಲೇ ಧೋ ಎಂದು ಸುರಿದು ಹೋಗುವ ಸ್ವಭಾವವನ್ನು ಪಡೆಯುತ್ತದೆ. ಆ ನೀರು ಕೆರೆ ಸೇರಲು ದಾರಿಯಿದೆಯೇ ಎಂಬುದು ನಿಜವಾದ ಪ್ರಶ್ನೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಗೆ ನೀರುಣಿಸುತ್ತಿದ್ದ ಪೂರ್ಣಯ್ಯ ನಾಲೆ ಬಡಾವಣೆಗಳ ನಡುವೆ ತುಂಡು ತುಂಡಾಗಿದೆ. ನಮ್ಮ ಮನೆಯ ಹಿಂದೆ ಮೊದಲು ಮಣ್ಣಿನ ಕಾಲುವೆಯೊಂದಿತ್ತು, ಅದರ ದಡದಲ್ಲಿ ಹೊಂಗೆ ಮರಗಳಿದ್ದವು. ಈಗ ಅಲ್ಲಿ ಕಾಂಕ್ರೀಟ್ ರಸ್ತೆಯಿದೆ, ಜೋರು ಮಳೆ ಬಂದರೆ ಮೊಣಕಾಲುದ್ದ ನೀರು ನಿಲ್ಲುತ್ತದೆ.

ಕೆರೆಗೆ ಸೇರುವ ಒಳಚರಂಡಿಯ ನೀರಿನ ವಿಷಯವನ್ನು ಆ ಲೇಖನ ಒಂದೇ ವಾಕ್ಯದಲ್ಲಿ ಮುಗಿಸಿರುವುದು ನನಗೆ ಬೇಸರ ತಂದಿತು. ಕೊಳಚೆಯಲ್ಲಿನ ಸಾರಜನಕ, ರಂಜಕಗಳಿಂದ ಪಾಚಿ ಕೊಬ್ಬುತ್ತದೆ, ರಾತ್ರಿ ಅದು ನೀರಿನ ಆಮ್ಲಜನಕವನ್ನು ಹೀರುತ್ತದೆ; ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕವೇ ಕಡಿಮೆ. ಬೇಸಿಗೆಯ ಬೆಳಗಿನ ಜಾವ ಮೀನುಗಳು ಬಾಯಿ ತೆರೆದು ನೀರಿನ ಮೇಲ್ಭಾಗಕ್ಕೆ ಬರುವುದನ್ನು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವಾಗ ಕಂಡಿದ್ದೇನೆ. ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳು ಈ ಕೆರೆಗೆ ಬರುವುದೂ ಆ ಮೀನುಗಳಿಗಾಗಿಯೇ. ಆದ್ದರಿಂದ ಲೇಖನ ಸೂಚಿಸಿರುವ ಹೂಳೆತ್ತುವ ಕೆಲಸಕ್ಕಿಂತ ಮೊದಲು ನಾಲೆಯ ಒತ್ತುವರಿ ತೆರವಾಗಬೇಕು, ಕೊಳಚೆಯ ಪೈಪುಗಳು ಕೆರೆಯಿಂದ ದೂರ ತಿರುಗಬೇಕು.