ಹಿವರೆ ಬಜಾರ್ ವಿಡಿಯೊದಲ್ಲಿ ಕಾಣದ ಭಾಗ

ಬೇಸಿಗೆ ಶುರುವಾದರೆ ಸಾಕು, ವಾಟ್ಸಾಪ್ ಗ್ರೂಪುಗಳಲ್ಲಿ ಹಿವರೆ ಬಜಾರ್ ವಿಡಿಯೊ ಓಡಾಡಲು ಶುರುವಾಗುತ್ತದೆ. ಮಹಾರಾಷ್ಟ್ರದ ಅಹಮದ್‌ನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ಬರದ ಹಳ್ಳಿ. ಎಂ.ಕಾಂ. ಓದಿದ ಪೋಪಟರಾವ್ ಪವಾರ್ 1989ರಲ್ಲಿ ಸರಪಂಚರಾದರು, ಅಂದರೆ ಪಂಚಾಯ್ತಿ ಮುಖ್ಯಸ್ಥರು. ಬಾವಿಗಳಲ್ಲಿ ನೀರು ನಿಂತಿತು, ಗುಳೆ ಹೋದವರು ವಾಪಸ್ ಬಂದರು, 2020ರಲ್ಲಿ ಪವಾರ್ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಕೆಳಗೆ ಎಲ್ಲರದ್ದೂ ಒಂದೇ ಕಮೆಂಟ್: ನಮ್ಮೂರಿಗೂ ಇಂಥ ಒಬ್ಬ ನಾಯಕ ಬೇಕು.

ಈ ಕಮೆಂಟ್ ಕಂಡರೆ ನನಗೆ ಸಿಟ್ಟು ಬರುತ್ತದೆ. ಪವಾರ್ ದೊಡ್ಡ ಕೆಲಸವನ್ನೇ ಮಾಡಿದ್ದಾರೆ, ಅದರಲ್ಲಿ ತಕರಾರಿಲ್ಲ. ಆದರೆ ನಾವು ಕೇಳುತ್ತಿರುವುದು ನಾಯಕನನ್ನೋ, ನಮ್ಮ ಪಾಲಿನ ಕಷ್ಟವನ್ನೂ ತಾನೇ ಹೊತ್ತುಕೊಳ್ಳುವ ಪುಣ್ಯಾತ್ಮನನ್ನೋ?

ವಿಡಿಯೊದಲ್ಲಿ ಬದು, ಟ್ರೆಂಚು, ಗಿಡ, ಶ್ರಮದಾನ ಎಲ್ಲ ಬರುತ್ತವೆ. ಅಷ್ಟನ್ನು ಎಷ್ಟೋ ಊರುಗಳು ಮಾಡಿವೆ. ನರೇಗಾ ದುಡ್ಡಿನಲ್ಲಿ ನಮ್ಮ ಕಡೆಯೂ ಆಗಿದೆ. ನೀರು ಬಂದ ಮೇಲೆ ಏನು ಮಾಡಿದರು ಅನ್ನುವುದೇ ಅಸಲಿ ವಿಷಯ. ಅಲ್ಲಿ ಬೋರ್‌ವೆಲ್ ಇದ್ದರೆ ಕುಡಿಯುವ ನೀರಿಗೆ ಮಾತ್ರ, ಹೊಲಕ್ಕೆ ಕೊರೆಯುವಂತಿಲ್ಲ. ಕಬ್ಬು, ಬಾಳೆಯಂಥ ನೀರು ಕುಡಿಯುವ ಬೆಳೆ ಬೇಡ. ದನಗಳನ್ನು ಗುಡ್ಡಕ್ಕೆ ಬಿಡುವಂತಿಲ್ಲ, ಮರ ಕಡಿಯುವಂತಿಲ್ಲ. ಮಳೆಗಾಲ ಮುಗಿದ ಮೇಲೆ ಎಷ್ಟು ಮಳೆ ಬಿತ್ತು, ಬಾವಿಗಳಲ್ಲಿ ನೀರು ಎಷ್ಟಿದೆ ಅಂತ ಅಳೆದು ಊರ ಮುಂದೆ ಲೆಕ್ಕ ಇಡುತ್ತಾರೆ. ಮೊದಲು ಜನಕ್ಕೆ, ದನಕ್ಕೆ. ಉಳಿದದ್ದು ಹೊಲಕ್ಕೆ. ಮಳೆ ಕಮ್ಮಿಯಾದ ವರ್ಷ ಎರಡನೇ ಬೆಳೆಗೆ ಕತ್ತರಿ.

ಸುಮ್ನೆ ಒಂದು ಸಲ ಯೋಚಿಸಿ. ಜಮೀನು ನನ್ನದು, ದುಡ್ಡು ನನ್ನದು, ರಿಗ್ ಲಾರಿ ಫೋನ್ ಮಾಡಿದರೆ ಬರುತ್ತದೆ. ಆದರೂ ಊರು ಬೇಡ ಅಂದರೆ ಕೊರೆಸಬಾರದು. ನಾನು, ನೀವು ಒಪ್ಪುತ್ತೇವಾ? ಓಟು ಕೇಳಲು ಬಂದವರಿಗೆ ಹೀಗೆ ಹೇಳುವ ಧೈರ್ಯ ಇರುತ್ತಾ? ಟ್ಯಾಂಕ್ ಕಟ್ಟಿಸುತ್ತೇನೆ, ಬೋರ್ ಹಾಕಿಸುತ್ತೇನೆ ಅನ್ನುವುದು ಸುಲಭ. ಬೇಡ ಅಂತ ಹೇಳಿ, ಊರನ್ನು ಒಪ್ಪಿಸಿ, ಆ ಮಾತನ್ನು ವರ್ಷಗಟ್ಟಲೆ ನಡೆಸುವವರು ನನ್ನ ಲೆಕ್ಕದಲ್ಲಿ ನಾಯಕರು.

ಇದು ನಮಗೆ ಗೊತ್ತಿಲ್ಲದ್ದೇನಲ್ಲ. ಕೋಲಾರದ ಕಡೆ ಕೆರೆಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವವನು ಅವನೇ, ಯಾವ ಗದ್ದೆಗೆ ಯಾವಾಗ ನೀರು ಅಂತ ನೋಡುವವನೂ ಅವನೇ. ನೀರು ಕಮ್ಮಿ ಬಂದ ವರ್ಷ ಅಚ್ಚುಕಟ್ಟಿನಲ್ಲಿ, ಅಂದರೆ ಆ ಕೆರೆಯ ನೀರು ಹರಿಯುವ ಗದ್ದೆಗಳಲ್ಲಿ, ಎಷ್ಟು ನಾಟಿ ಮಾಡಬೇಕು ಅಂತ ಊರು ಕೂತು ತೀರ್ಮಾನ ಮಾಡುತ್ತಿತ್ತು. ಆ ಕಾಲ ಚಿನ್ನದಂಥದ್ದು ಅಂತ ನಾನು ಹೇಳುತ್ತಿಲ್ಲ. ನೀರುಗಂಟಿಗಳಲ್ಲಿ ಹೆಚ್ಚಿನವರು ದಲಿತರು. ನೀರು ಹಂಚುವ ಕೈ ಅವರದ್ದು, ಅಚ್ಚುಕಟ್ಟಿನ ಗದ್ದೆ ಹೆಚ್ಚಾಗಿ ಬೇರೆಯವರದ್ದು. ಆ ವ್ಯವಸ್ಥೆ ವಾಪಸ್ ಬರಲಿ ಅಂತ ಯಾರಾದರೂ ಅಂದರೆ ಮೊದಲು ವಿರೋಧಿಸುವವನು ನಾನೇ. ಆದರೆ ನೀರುಗಂಟಿಯಂಥ ಹಳೇ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿದ ಮೇಲೆ, ಕೆರೆ ನೀರಿನ ಲೆಕ್ಕ ಇಡುವ ಕೆಲಸ ಯಾರ ಹೆಗಲಿಗೂ ಸರಿಯಾಗಿ ಬೀಳಲಿಲ್ಲ. ಅಷ್ಟರಲ್ಲಿ ಬೋರ್‌ವೆಲ್ ಬಂತು. ಪ್ರತಿಯೊಬ್ಬರೂ ಅವರವರ ಹೊಲಕ್ಕೆ ಅವರವರೇ ನೀರುಗಂಟಿಯಾದರು. ಸಾವಿರ ಅಡಿ ದಾಟಿದರೂ ನೀರಿಲ್ಲ ಅನ್ನುವ ಕಥೆ ಈ ಕಡೆಯವರಿಗೆ ಹೇಳಬೇಕಿಲ್ಲ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದರ ಗುಣಮಟ್ಟದ ಜಗಳ ದೊಡ್ಡದು, ಅದು ಬೇರೆ ಪೋಸ್ಟಿಗೆ ಇರಲಿ. ಕೆರೆಯಿಂದ ನೇರವಾಗಿ ನೀರು ಎತ್ತಬಾರದು, ಅದು ಇಂಗಿ ಅಂತರ್ಜಲ ಏರಬೇಕು ಅನ್ನುವುದು ಯೋಜನೆಯ ಉದ್ದೇಶ. ಸರಿ, ಏರಿತು ಅಂತಲೇ ಇಟ್ಟುಕೊಳ್ಳಿ. ಏರಿದ ನೀರು ಯಾರಿಗೆ? ಆಳದ ಬೋರು, ದೊಡ್ಡ ಮೋಟರು ಇದ್ದವರಿಗೆ. ಬೋರಿಲ್ಲದ ಸಣ್ಣ ರೈತರಿಗೆ ಸಿಗುವುದು ಕೆರೆ ತುಂಬಿದ್ದನ್ನು ನೋಡುವ ಖುಷಿ ಅಷ್ಟೇ. ಪೈಪ್ ಹಾಕಲು ಸರ್ಕಾರಕ್ಕೆ ಆಗುತ್ತದೆ. ಹಂಚಿಕೆಯ ಕಟ್ಟಳೆ ಊರಲ್ಲೇ ಹುಟ್ಟಬೇಕು.

ಅದಕ್ಕೆ ಪಂಚಾಯ್ತಿ ಬೇಕು, ಅಲ್ವಾ? ನಮ್ಮಲ್ಲಿ ಗ್ರಾಮ ಪಂಚಾಯ್ತಿ ಅಧ್ಯಕ್ಷರ ಅವಧಿ ಎರಡೂವರೆ ವರ್ಷ. ಫೈಲು ಅರ್ಥವಾಗುವಷ್ಟರಲ್ಲಿ ಮೀಸಲಾತಿ ಬದಲಾಗಿ ಇನ್ನೊಬ್ಬರು ಬರುತ್ತಾರೆ. ಮೀಸಲಾತಿ ಬೇಕೇ ಬೇಕು, ಐದು ವರ್ಷದ ಅವಧಿಯಲ್ಲೂ ಅದನ್ನು ಕೊಡಬಹುದು. ಅವಧಿ ಚಿಕ್ಕದಾದಷ್ಟೂ ಅಧಿಕಾರಿಗಳ ಕೈ ಮೇಲಾಗುತ್ತದೆ.

ಹಾಗಂತ ಒಬ್ಬರೇ ಮೂವತ್ತು ವರ್ಷ ಕೂರುವುದನ್ನೂ ನಾನು ಒಪ್ಪುವುದಿಲ್ಲ. ಹಿವರೆ ಬಜಾರ್‌ನಲ್ಲಿ ದಶಕಗಳ ಕಾಲ ಅವಿರೋಧ ಆಯ್ಕೆ. 2021ರ ಜನವರಿಯಲ್ಲಿ, ಸುಮಾರು ಮೂವತ್ತು ವರ್ಷದ ನಂತರ, ಅಲ್ಲಿ ಮತದಾನ ನಡೆಯಿತು. ಪವಾರ್ ಗುಂಪೇ ಗೆದ್ದಿತು. ಮಾದರಿ ಗ್ರಾಮದಲ್ಲೂ ಒಡಕು ಅಂತ ಕೆಲವರು ಬೇಸರ ಪಟ್ಟರು. ನನಗಂತೂ ಖುಷಿಯಾಯಿತು. ಎದುರು ನಿಲ್ಲುವವರಿದ್ದಾರೆ, ಆದರೂ ಜನ ಇವರಿಗೇ ಓಟು ಹಾಕಿದ್ದಾರೆ ಅಂದರೆ ಆ ಕಟ್ಟಳೆಗಳಿಗೆ ಊರು ಮತ್ತೆ ಸಹಿ ಹಾಕಿದ ಹಾಗೆ.

ನಾಯಕ ಬರಲಿ ಅಂತ ಕಾಯುವವರಿಗೆ ಇನ್ನೊಂದು ವಿಷಯ. ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ಮಳೆಮಾಪನ ಯಂತ್ರಗಳಿವೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಅಲ್ಲಿಂದ ಲೆಕ್ಕ ಹೋಗುತ್ತದೆ. ಹಿವರೆ ಬಜಾರ್‌ನವರು ಅಳೆದು ಕೂರುವ ಮೊದಲ ಅಂಕಿ ನಮ್ಮಲ್ಲಿ ಯಂತ್ರದಿಂದಲೇ ಸಿಗುತ್ತದೆ. ವರ್ಷಕ್ಕೆ ಎರಡು ಸಲ ಗ್ರಾಮಸಭೆ ಕಡ್ಡಾಯ. ಮನೆ ಹಂಚಿಕೆ ಪಟ್ಟಿ ಓದಿ ಸಹಿ ಹಾಕಿಸಿಕೊಂಡು ಮುಗಿಸುವ ಆ ಸಭೆಯಲ್ಲಿ ಎದ್ದು ನಿಂತು ಕೇಳಿ: ಈ ಸಲ ನಮ್ಮ ಪಂಚಾಯ್ತಿಗೆ ಎಷ್ಟು ಮಿಲಿಮೀಟರ್ ಮಳೆ ಬಿತ್ತು, ಎಷ್ಟು ಹೊಸ ಬೋರ್ ಕೊರೆಸಿದರು? ಉತ್ತರ ಸಿಗದಿದ್ದರೆ ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.